ಹಟ್ಟಿಯ ಬೇಲಿ, ಆಸ್ಪತ್ರೆಯ ಹೊಸ್ತಿಲು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಸಾರ್ವಜನಿಕ ವೈದ್ಯದ ಬೆಳವಣಿಗೆ

ಚಿತ್ರದುರ್ಗ ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಭಾಗವನ್ನು ವ್ಯಾಪಿಸಿರುವ ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಕುರುಚಲು ಕಾಡು, ಕಲ್ಲುಗುಡ್ಡ, ಹುಲ್ಲುಗಾವಲಿನ ಕಾವಲು, ವೇದಾವತಿಯ ಮರಳು ಪಾತ್ರ, ಶೇಂಗಾ ಹೊಲಗಳು ಈ ನೆಲದ ಚಹರೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕ ಶಾಸನಗಳಿಂದಾಗಿ ಈ ಸೀಮೆ ಇತಿಹಾಸಕಾರರಿಗೆ ಪರಿಚಿತ. ಮ್ಯಾಸಬೇಡರ ದೇವರೆತ್ತುಗಳು ಮತ್ತು ಕಾಡುಗೊಲ್ಲರ ಹಟ್ಟಿಗಳಿಂದಾಗಿ ಜಾನಪದ ವಿದ್ವಾಂಸರಿಗೆ ಪರಿಚಿತ. ಪಾಳೆಯಗಾರರು, ಜಾತ್ರೆಗಳು, ಮೌಖಿಕ ಕಾವ್ಯಗಳ ಬಗ್ಗೆ ನಡೆದಿರುವಷ್ಟು ಅಧ್ಯಯನ ಇಲ್ಲಿನ ಆಸ್ಪತ್ರೆಗಳ ಬಗ್ಗೆ ನಡೆದಿಲ್ಲ. ಆಸ್ಪತ್ರೆಯೆಂದರೆ ಇಲಾಖೆಯ ವಿಷಯ, ಅದಕ್ಕೆ ಚರಿತ್ರೆ ಏಕೆ ಎಂಬ ಧೋರಣೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಕಳೆದ ನೂರು ವರ್ಷಗಳಲ್ಲಿ ಈ ಎರಡು ತಾಲ್ಲೂಕುಗಳ ಹಳ್ಳಿಗನ ಹುಟ್ಟು ಮತ್ತು ಸಾವಿನ ಸ್ಥಳವನ್ನೇ ಬದಲಿಸಿದ ಸಂಸ್ಥೆ ಆಸ್ಪತ್ರೆಯೊಂದೇ. ಆ ಸ್ಥಿತ್ಯಂತರದ ಕೆಲವು ಎಳೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ಪದದ ವಿಚಾರ. ಸರ್ಕಾರಿ ಪರಿಭಾಷೆಯಲ್ಲಿ ‘ಸಮುದಾಯ ಆರೋಗ್ಯ ಕೇಂದ್ರ’ ಎಂದರೆ ಸುಮಾರು 1,20,000 ಜನಸಂಖ್ಯೆಗೆ ಒಂದರಂತೆ ಇರಬೇಕಾದ, 30 ಹಾಸಿಗೆಗಳ, ಶಸ್ತ್ರಚಿಕಿತ್ಸೆ, ಸಾಮಾನ್ಯ ವೈದ್ಯ, ಹೆರಿಗೆ ಹಾಗೂ ಮಕ್ಕಳ ವಿಭಾಗಗಳ ತಜ್ಞರುಳ್ಳ ಆಸ್ಪತ್ರೆ. ಇಲ್ಲಿ ಸಮುದಾಯವೆಂಬುದು ಒಂದು ಸಂಖ್ಯೆ. ಈ ಸೀಮೆಯ ಜನಕ್ಕಾದರೋ ಸಮುದಾಯವೆಂದರೆ ಕುಲ, ಬೆಡಗು, ಗುಡಿಕಟ್ಟು. ಯಾರ ಮನೆಯ ನೀರು ಯಾರು ಕುಡಿಯಬಹುದು, ಯಾರ ನೆರಳು ಎಲ್ಲಿಯವರೆಗೆ ಬರಬಹುದು ಎಂಬ ಕಟ್ಟುಪಾಡುಗಳ ಬಲೆ. ಮೊದಲ ಅರ್ಥದ ಸಮುದಾಯಕ್ಕಾಗಿ ಕಟ್ಟಿದ ಆಸ್ಪತ್ರೆಯು ಎರಡನೆಯ ಅರ್ಥದ ಸಮುದಾಯದೊಳಗೆ ಹೇಗೆ ನೆಲೆಯೂರಿತು ಎಂಬುದೇ ನಿಜವಾದ ಪ್ರಶ್ನೆ.

ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಮೊಳಕಾಲ್ಮೂರು ಸೀಮೆಯ ಅಶೋಕ ಶಾಸನಗಳು ಕಿರುಬಂಡೆ ಶಾಸನಗಳು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಸಸ್ಯಗಳಿಲ್ಲದ ಕಡೆ ಅವುಗಳನ್ನು ತರಿಸಿ ನೆಡಿಸಿದ್ದನ್ನು ಅಶೋಕನು ಹೇಳುವುದು ಎರಡನೆಯ ಹೆಬ್ಬಂಡೆ ಶಾಸನದಲ್ಲಿ. ಅದರ ಪ್ರತಿ ಈ ಸೀಮೆಯಲ್ಲಿ ದೊರೆತಿಲ್ಲ. ಸ್ಥಳೀಯ ಅಭಿಮಾನದಿಂದ ಬರೆದ ಕೆಲವು ಲೇಖನಗಳಲ್ಲಿ ಈ ಎರಡನ್ನು ಬೆರೆಸುವುದುಂಟು; ಹಾಗೆ ಬೆರೆಸುವುದು ಸರಿಯಲ್ಲ. ಮಧ್ಯಕಾಲೀನ ಕರ್ನಾಟಕದಲ್ಲಿ ಮಠಗಳು ರೋಗಿಗಳಿಗೆ ಆಶ್ರಯವಾಗಿದ್ದುದಕ್ಕೆ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಪ್ರಸಿದ್ಧ ಸಾಕ್ಷಿ. ವಚನಕಾರರಲ್ಲಿ ವೈದ್ಯ ಸಂಗಣ್ಣನಂತಹ ವೃತ್ತಿವೈದ್ಯರೂ ಇದ್ದರು. ಆದರೆ ಅಗ್ರಹಾರ ಮತ್ತು ಮಠಗಳ ಲೋಕ ಬೇರೆ, ದನಗಾಹಿ ಬುಡಕಟ್ಟುಗಳ ಲೋಕ ಬೇರೆ. ಈ ಸೀಮೆಯ ವೈದ್ಯದ ಚರಿತ್ರೆಯನ್ನು ಎರಡನೆಯದರಿಂದಲೇ ಆರಂಭಿಸಬೇಕು.

ಆಸ್ಪತ್ರೆ ಬರುವ ಮುನ್ನ ಇಲ್ಲಿ ವೈದ್ಯವಿರಲಿಲ್ಲವೆಂದು ಭಾವಿಸುವಂತಿಲ್ಲ. ಮುರಿದ ಮೂಳೆಗೆ ಬಿದಿರ ದಬ್ಬೆ ಇಟ್ಟು ಕಟ್ಟುವವರು, ಕಾಮಾಲೆಗೆ ಸೊಪ್ಪಿನ ರಸ ಕೊಡುವವರು, ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವವರು, ಮಕ್ಕಳ ಹೊಟ್ಟೆಗೆ ಬರೆ ಹಾಕುವವರು ಊರೂರಿಗೂ ಇದ್ದರು. ಇವರಲ್ಲಿ ಬಹುಪಾಲು ಜನ ಹಣ ಪಡೆಯುತ್ತಿರಲಿಲ್ಲ. ಹಣ ಪಡೆದರೆ ಕೈಗುಣ ಹೋಗುತ್ತದೆಂಬ ನಂಬಿಕೆ ಬಲವಾಗಿತ್ತು. ಮ್ಯಾಸಬೇಡರ ದೇವರೆತ್ತುಗಳನ್ನು ಕಾಯುವ ಕಿಲಾರಿಗಳಿಗೆ ದನದ ರೋಗಗಳ ಕುರಿತು ಇದ್ದ ತಿಳಿವಳಿಕೆ ಮನುಷ್ಯರ ಚಿಕಿತ್ಸೆಗೂ ಒದಗುತ್ತಿತ್ತು. ಕಾದ ಕಬ್ಬಿಣದ ಬರೆ ಎತ್ತಿನ ಭುಜಕ್ಕೂ ಮನುಷ್ಯನ ಸೊಂಟಕ್ಕೂ ಒಂದೇ. ಪಶುಪಾಲಕ ಸಮಾಜಗಳಲ್ಲಿ ಪಶುವೈದ್ಯ ಮತ್ತು ಮನುಷ್ಯವೈದ್ಯಗಳ ನಡುವೆ ಗೆರೆ ಇರುವುದಿಲ್ಲವೆಂಬ ಮಾತಿಗೆ ಈ ಸೀಮೆ ಒಳ್ಳೆಯ ನಿದರ್ಶನ.

ಪ್ರಭುತ್ವದ ಗಮನವೂ ಇಲ್ಲಿ ಮೊದಲು ಬಿದ್ದದ್ದು ದನಗಳ ಮೇಲೆಯೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಸೈನ್ಯದ ಸಾಗಣೆಗೆ ಬೇಕಾದ ಈ ತಳಿಯ ರಾಸುಗಳಿಗಾಗಿ ಕಾವಲುಗಳನ್ನು ಮೀಸಲಿಡಲಾಯಿತು. ಚಳ್ಳಕೆರೆಯ ಅಮೃತ ಮಹಲ್ ಕಾವಲು ಅವುಗಳಲ್ಲಿ ವಿಸ್ತಾರವಾದುದು. ಎತ್ತಿಗೆ ಮೇವು, ನೀರು, ಆರೈಕೆಗಳನ್ನು ಲೆಕ್ಕವಿಟ್ಟು ಒದಗಿಸಿದ ರಾಜ್ಯವು ಅದೇ ಕಾವಲಿನ ಅಂಚಿನ ಹಟ್ಟಿಯ ಹೆಂಗಸಿನ ಹೆರಿಗೆಯ ಕಡೆಗೆ ತಿರುಗಿ ನೋಡಲು ಮತ್ತೆ ನೂರಾರು ವರ್ಷ ಬೇಕಾಯಿತು. 2008ರ ನಂತರದ ವರ್ಷಗಳಲ್ಲಿ ಈ ಕಾವಲಿನ ಬಹುಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದುದು ಪ್ರತ್ಯೇಕ ಅಧ್ಯಯನದ ವಿಷಯ.

ಸಾಂಕ್ರಾಮಿಕ ರೋಗಗಳ ಲೋಕ ಮಾರಮ್ಮನದು. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮ ಈ ಭಾಗದ ಪ್ರಧಾನ ರೋಗದೇವತೆ. ಆಕೆಯ ಜಾತ್ರೆಗೆ ಆಂಧ್ರದ ಗಡಿಹಳ್ಳಿಗಳಿಂದಲೂ ಜನ ಬರುತ್ತಾರೆ. ಹರಕೆ ಹೊತ್ತವರು ಈರುಳ್ಳಿಯನ್ನು ತೂರುತ್ತಾರೆ. ಸಿಡುಬಿನ ರೋಗಿಯನ್ನು ‘ಅಮ್ಮ ಬಂದಿದ್ದಾಳೆ’ ಎಂದು ಗೌರವದಿಂದ ನಡೆಸಿಕೊಳ್ಳುವುದು, ಬೇವಿನ ಸೊಪ್ಪಿನ ಮೇಲೆ ಮಲಗಿಸುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರನ್ನು ಒಳಗೆ ಬಿಡದಿರುವುದು ಇವೆಲ್ಲ ಸೇರಿ ಒಂದು ಶುಶ್ರೂಷಾ ಪದ್ಧತಿಯೇ ಆಗಿತ್ತು. ಅದು ರೋಗವನ್ನು ಗುಣಪಡಿಸುತ್ತಿರಲಿಲ್ಲ, ಆದರೆ ರೋಗಿಯನ್ನು ಬೀದಿಗೆ ಹಾಕುತ್ತಲೂ ಇರಲಿಲ್ಲ. ಇಡೀ ಊರೇ ಒಂದು ದಿನ ಮನೆಗಳನ್ನು ತೊರೆದು, ಊರ ಬಾಗಿಲಿಗೆ ಮುಳ್ಳು ಹಚ್ಚಿ, ಹೊಲದಲ್ಲಿ ಅಡುಗೆ ಮಾಡಿಕೊಂಡು ಉಂಡು ಸಂಜೆಗೆ ಮರಳುವ ‘ಹೊರಬೀಡು’ ಆಚರಣೆ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಉಳಿದಿದೆ. ಯಾವುದೋ ಹಳೆಯ ಮಾರಿಬೇನೆಯ ನೆನಪು ಇದರಲ್ಲಿ ಗಟ್ಟಿಗೊಂಡಿದೆಯೆಂದು ತೋರುತ್ತದೆ. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಸಂಸ್ಥಾನದಲ್ಲಿ ಹಬ್ಬಿದಾಗ ಸರ್ಕಾರ ಹೇಳಿದ್ದೂ ಊರು ಬಿಡಿ, ಹೊಲದಲ್ಲಿ ಜೋಪಡಿ ಹಾಕಿಕೊಳ್ಳಿ ಎಂದೇ. ಅಧಿಕಾರಿಯ ಆಜ್ಞೆಯೂ ಹಳ್ಳಿಯ ಆಚರಣೆಯೂ ಒಂದೇ ಕಡೆ ಬೆರಳು ತೋರಿದ ಅಪರೂಪದ ಸಂದರ್ಭವದು.

ಸಿಡುಬಿನ ವಿಷಯದಲ್ಲಿ ಹಾಗಾಗಲಿಲ್ಲ. ಸಿಡುಬು ಹಾಕುವ ಪದ್ಧತಿ ಸರ್ಕಾರಿ ನೌಕರನ ರೂಪದಲ್ಲಿ ಹಳ್ಳಿಗೆ ಬಂತು. ಜನ ಅದನ್ನು ‘ದಾಕು ಹಾಕುವುದು’ ಎಂದರು; ಉತ್ತರ ಕರ್ನಾಟಕದ ಕಡೆ ‘ದೇವಿ ಹಾಕುವುದು’ ಎಂದರು. ಎರಡನೆಯ ಮಾತು ಸೂಕ್ಷ್ಮವಾದುದು, ಏಕೆಂದರೆ ರೋಗವೂ ದೇವಿ, ರೋಗ ತಡೆಯುವ ಚುಚ್ಚುಗಾಯವೂ ದೇವಿ. ದಾಕು ಹಾಕುವವನು ಬಂದನೆಂದರೆ ಮಕ್ಕಳನ್ನು ಕಣಜದಲ್ಲಿ ಬಚ್ಚಿಡುತ್ತಿದ್ದರೆಂಬ ನೆನಪು ಹಿರಿಯ ತಲೆಮಾರಿನಲ್ಲಿ ವ್ಯಾಪಕವಾಗಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. 1977ರಲ್ಲಿ ದೇಶ ಸಿಡುಬುಮುಕ್ತವೆಂದು ಪ್ರಮಾಣೀಕೃತವಾಯಿತು. ದನಗಳ ಮಾರಿಯೆನಿಸಿದ್ದ ‘ದೊಡ್ಡರೋಗ’ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಮನುಷ್ಯ ಇದುವರೆಗೆ ಸಂಪೂರ್ಣವಾಗಿ ಅಳಿಸಿರುವುದು ಈ ಎರಡೇ ರೋಗಗಳನ್ನು, ಎರಡೂ ಮಾರಮ್ಮನ ಆಳ್ವಿಕೆಗೆ ಸೇರಿದ್ದವು. ಆದರೂ ಗೌರಸಮುದ್ರದ ಜಾತ್ರೆಗೆ ಸೇರುವ ಜನ ಕಡಿಮೆಯಾಗಲಿಲ್ಲ. ರೋಗ ಹೋದ ಮೇಲೂ ದೇವತೆ ಉಳಿದಳೆಂಬುದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆಕೆ ಈಗ ಮಳೆ, ಮಕ್ಕಳು, ಕೋರ್ಟಿನ ವ್ಯಾಜ್ಯ, ಕೊಳವೆ ಬಾವಿಯ ನೀರು ಎಲ್ಲವನ್ನೂ ನೋಡಿಕೊಳ್ಳುವ ದೇವತೆಯಾಗಿದ್ದಾಳೆ ಎಂಬುದು ಹೆಚ್ಚು ಸರಿಯಾದ ವಿವರಣೆ.

1876–78ರ ಬರವನ್ನು ಸಂವತ್ಸರಗಳ ಹೆಸರಿನಿಂದ ಧಾತು–ಈಶ್ವರ ಬರವೆಂದು ಕರೆಯಲಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಆ ಬರದಲ್ಲಿ ನಾಶವಾಯಿತು. ಹಸಿವಿನಿಂದ ಸತ್ತವರಿಗಿಂತ ಹಸಿವಿನ ಬೆನ್ನಿಗೆ ಬಂದ ಕಾಲರಾ, ಭೇದಿ, ಜ್ವರಗಳಿಂದ ಸತ್ತವರು ಕಡಿಮೆಯೇನಲ್ಲ. ಬರ ಪರಿಹಾರದ ಅನುಭವವೇ ತಾಲ್ಲೂಕು ಮಟ್ಟದ ವೈದ್ಯ ವ್ಯವಸ್ಥೆಯ ಅಗತ್ಯವನ್ನು ಆಡಳಿತಕ್ಕೆ ಮನವರಿಕೆ ಮಾಡಿತೆಂದು ನನ್ನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಥಳೀಯ ನಿಧಿಯಿಂದ ನಡೆಯುವ ಡಿಸ್ಪೆನ್ಸರಿಗಳು ಸಂಸ್ಥಾನದ ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚತೊಡಗಿದವು. ಒಂದು ಕೊಠಡಿ, ಒಂದು ಪಡಸಾಲೆ, ಒಬ್ಬ ವೈದ್ಯ, ಒಬ್ಬ ಕಾಂಪೌಂಡರ್, ದೊಡ್ಡ ಗಾಜಿನ ಸೀಸೆಗಳಲ್ಲಿ ಬಣ್ಣದ ನೀರೌಷಧಿ; ರೋಗಿಯೇ ಮನೆಯಿಂದ ಬಾಟಲಿ ತರಬೇಕು. ಇಂತಹ ಡಿಸ್ಪೆನ್ಸರಿಯೇ ನಮ್ಮ ತಾಲ್ಲೂಕು ಆಸ್ಪತ್ರೆಗಳ ಮೂಲರೂಪ. ಜನ ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಆಸ್ಪತ್ರಿ’ ಎಂದರು. ಗಮನಿಸಬೇಕಾದುದೆಂದರೆ, ಈ ಡಿಸ್ಪೆನ್ಸರಿಗೆ ಹೋಗುತ್ತಿದ್ದವರು ಪೇಟೆಯವರು, ಕಚೇರಿಯವರು, ರಸ್ತೆ ಬದಿಯ ಊರಿನವರು. ಹಟ್ಟಿಯವರು ಹೋಗುತ್ತಿರಲಿಲ್ಲ. ದೂರ ಒಂದು ಕಾರಣವಾದರೆ, ಎಲ್ಲ ಜಾತಿಯವರೂ ಮುಟ್ಟಿದ ಪಾತ್ರೆಯ ನೀರೌಷಧಿಯನ್ನು ಕುಡಿಯುವುದು ಹೇಗೆಂಬ ಶಂಕೆ ಇನ್ನೊಂದು. ಗಾಯಕ್ಕೆ ಹಚ್ಚುವ ಮುಲಾಮಿಗೆ ಇಲ್ಲದ ಅಡ್ಡಿ ಕುಡಿಯುವ ಔಷಧಿಗೆ ಇತ್ತು. ಸೂಜಿಮದ್ದು ಬಂದ ಮೇಲೆ ಈ ಸಮಸ್ಯೆ ತಾನಾಗಿಯೇ ಕಳೆಯಿತು. ಹಳ್ಳಿಗರಿಗೆ ಇಂದಿಗೂ ಗುಳಿಗೆಗಿಂತ ‘ಸೂಜಿ’ಯ ಮೇಲೆ ಇರುವ ಒಲವಿಗೆ ಇದೂ ಒಂದು ಹಿನ್ನೆಲೆಯಿರಬಹುದು.

ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ 1929ರಲ್ಲಿ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ಸ್ಥಾಪಿಸಿತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿ ಜಗತ್ತಿನ ಗಮನ ಸೆಳೆಯಿತು. ಈ ಹೆಗ್ಗಳಿಕೆಗಳು ನಿಜವಾದರೂ ಅವುಗಳ ಬೆಳಕು ಬಿದ್ದದ್ದು ಬೆಂಗಳೂರು, ಮೈಸೂರು, ಮಂಡ್ಯದ ಕಡೆಗೆ. ಸಂಸ್ಥಾನದ ಉತ್ತರದ ಅಂಚಿನ ಬಯಲುಸೀಮೆಗೆ ಬಂದದ್ದು ಜಾತ್ರೆಗಳಲ್ಲಿ ಕಾಲರಾ ಚುಚ್ಚುಮದ್ದು ಹಾಕುವ ತಂಡ, ಬಾವಿಗೆ ಔಷಧಿ ಹಾಕುವ ಇನ್‌ಸ್ಪೆಕ್ಟರು, ಅಷ್ಟೆ.

ಭೋರ್ ಸಮಿತಿಯ ವರದಿ 1946ರಲ್ಲಿ ಬಂತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಅಂಗವಾಗಿ ಬ್ಲಾಕಿಗೊಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬರತೊಡಗಿದವು. 1978ರ ಆಲ್ಮಾ ಆಟಾ ಘೋಷಣೆಯ ನಂತರ 30,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬ ಮಾನದಂಡ ರೂಪುಗೊಂಡಿತು. ಪರಶುರಾಂಪುರ, ತಳಕು, ನಾಯಕನಹಟ್ಟಿ, ರಾಂಪುರದಂತಹ ಹೋಬಳಿ ಕೇಂದ್ರಗಳಿಗೆ ವೈದ್ಯರು ಬಂದದ್ದು ಈ ವ್ಯವಸ್ಥೆಯ ಫಲ. ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿಯೇ ಹಳ್ಳಿಯ ಪಾಲಿಗೆ ‘ನರ್ಸಮ್ಮ’. ಹಟ್ಟಿಯ ಬೇಲಿಯೊಳಗೆ ಕಾಲಿಟ್ಟ ಮೊದಲ ಸರ್ಕಾರಿ ಹೆಂಗಸು ಬಹುಶಃ ಆಕೆಯೇ. ಆಸ್ಪತ್ರೆಯ ಚರಿತ್ರೆಗಳಲ್ಲಿ ಕಟ್ಟಡ ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ, ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆದ ಈ ಹೆಂಗಸರ ಹೆಸರು ಎಲ್ಲಿಯೂ ಇರುವುದಿಲ್ಲ.

ಹೀಗೆ ಗಳಿಸಿದ ವಿಶ್ವಾಸಕ್ಕೆ ತುರ್ತುಪರಿಸ್ಥಿತಿಯ ವರ್ಷಗಳಲ್ಲಿ ದೊಡ್ಡ ಪೆಟ್ಟು ಬಿತ್ತು. 1976–77ನೆಯ ಒಂದೇ ಸಾಲಿನಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ‘ಆಪರೇಷನ್’ ಎಂಬ ಪದಕ್ಕೆ ಹಳ್ಳಿಗಳ ಮಾತಿನಲ್ಲಿ ಸಂತಾನಹರಣವೆಂಬ ಒಂದೇ ಅರ್ಥ ಗಟ್ಟಿಯಾಯಿತು. ‘ಆಕೆಗೆ ಆಪ್ರೇಸನ್ ಆಗೈತೆ’ ಎಂದರೆ ಬೇರೆ ಯಾವ ಶಸ್ತ್ರಚಿಕಿತ್ಸೆಯೂ ಅಲ್ಲ. ಒಂದು ಪದದ ಅರ್ಥಸಂಕೋಚದಲ್ಲಿ ಒಂದು ಕಾಲದ ಭಯ ಹೇಗೆ ಉಳಿದುಬಿಡುತ್ತದೆಂಬುದಕ್ಕೆ ಭಾಷಾವಿಜ್ಞಾನಿಗಳು ಇದನ್ನು ಉದಾಹರಿಸಬಹುದು.

ಇನ್ನು ಗಡಿಯ ವಿಚಾರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮೊಳಕಾಲ್ಮೂರಿನವರಿಗೆ ಸಂತೆ, ನೆಂಟಸ್ತನ, ನೇಯ್ಗೆಯ ವ್ಯವಹಾರಗಳಿಗೆ ರಾಯದುರ್ಗವೇ ಹತ್ತಿರ. ಆಡಳಿತಕ್ಕೆ ಮಾತ್ರ ಚಿತ್ರದುರ್ಗ. ರಾಂಪುರದ ಕಡೆಯವರಿಗೆ ಬಳ್ಳಾರಿ ಹತ್ತಿರ. ಆಸ್ಪತ್ರೆಯ ವಿಷಯದಲ್ಲಿ ಜನ ಜಿಲ್ಲೆಯ ಗೆರೆಯನ್ನು ಎಂದೂ ಲೆಕ್ಕಿಸಲಿಲ್ಲ. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮೊಳಕಾಲ್ಮೂರು ಸೀಮೆಯ ರೋಗಿಗಳಿಗೆ ಅದೇ ‘ದೊಡ್ಡಾಸ್ಪತ್ರೆ’ಯಾಯಿತು. ಚಳ್ಳಕೆರೆಯವರು ಚಿತ್ರದುರ್ಗ ಮತ್ತು ದಾವಣಗೆರೆಯ ಕಡೆ ಹೋದರು, ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಚಿತ್ರದುರ್ಗ ಜಿಲ್ಲೆಯು ತನ್ನ ಅತ್ಯಂತ ಅನುಕೂಲಸ್ಥ ಪಟ್ಟಣದೊಂದಿಗೆ ಈ ವೈದ್ಯಕೀಯ ಆಸರೆಯನ್ನೂ ಕಳೆದುಕೊಂಡಿತು. ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತದ್ದು 2023ರಲ್ಲಿ.

ಪರಶುರಾಂಪುರ ಹೋಬಳಿಯ ಪೂರ್ವದ ಹಳ್ಳಿಗಳದು ಮತ್ತೊಂದು ದಾರಿ. ಸ್ಪೇನ್ ದೇಶದ ವಿನ್ಸೆಂಟ್ ಫೆರರ್ (1920–2009) ಅವರು 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಕಲ್ಯಾಣದುರ್ಗ, ಕಣೇಕಲ್ಲು ಮತ್ತು ಬತ್ತಲಪಲ್ಲಿಗಳಲ್ಲಿ ಆಸ್ಪತ್ರೆಗಳನ್ನು ಬೆಳೆಸಿತು. ತೆಲುಗು ಮನೆಮಾತಿನ ಕುಟುಂಬಗಳು ಹೆಚ್ಚಾಗಿರುವ ಗಡಿಯ ಹಳ್ಳಿಗಳಿಗೆ ಕಲ್ಯಾಣದುರ್ಗ ಪರದೇಶವಲ್ಲ. ದಕ್ಷಿಣದಲ್ಲಿ ಪಾವಗಡದ ರಾಮಕೃಷ್ಣ ಸೇವಾಶ್ರಮವು ಕುಷ್ಠ, ಕ್ಷಯ ಹಾಗೂ ಕಣ್ಣಿನ ಚಿಕಿತ್ಸೆಯಲ್ಲಿ ಮಾಡಿದ ಕೆಲಸ ಜಿಲ್ಲೆಯ ಗಡಿಯನ್ನು ದಾಟಿ ಪ್ರಸಿದ್ಧವಾಯಿತು. ಸಮುದಾಯದ ಆಸ್ಪತ್ರೆ ಎಂಬ ಮಾತಿಗೆ ನಿಜವಾಗಿ ಸಲ್ಲುವ ಈ ಸಂಸ್ಥೆಗಳು ನಮ್ಮ ಎರಡು ತಾಲ್ಲೂಕುಗಳ ಆಚೆಗೇ ಬೆಳೆದವೆಂಬುದು ಯೋಚಿಸಬೇಕಾದ ಸಂಗತಿ. ಎಣ್ಣೆ ಗಿರಣಿಗಳಿಂದ ಹಣ ಕಂಡ ಚಳ್ಳಕೆರೆ, ರೇಷ್ಮೆ ಸೀರೆಯಿಂದ ಹೆಸರು ಕಂಡ ಮೊಳಕಾಲ್ಮೂರು ಎರಡೂ ಗುಡಿಗೋಪುರಗಳಿಗೆ ಕೊಡುಗೈಯಾದಷ್ಟು ಆಸ್ಪತ್ರೆಗೆ ಆಗಲಿಲ್ಲ.

ಈ ಲೇಖನದ ಮುಖ್ಯ ವಿಷಯ ಹೆರಿಗೆ. ಕಾಡುಗೊಲ್ಲರ ಹಟ್ಟಿಯು ಮುಳ್ಳುಬೇಲಿಯಿಂದ ಸುತ್ತುವರಿದ ಪವಿತ್ರ ಆವರಣ. ಒಳಗೆ ದೇವರು, ದೇವರ ದನ, ಕುರಿಗಳ ರೊಪ್ಪ. ಮುಟ್ಟಾದವಳೂ ಹೆತ್ತವಳೂ ಈ ಬೇಲಿಯ ಹೊರಗಿರಬೇಕು. ಹಿಂದೆ ಬಾಣಂತಿ ಮಗುವಿನೊಂದಿಗೆ ಕೆಲವು ವಾರಗಳಿಂದ ತಿಂಗಳುಗಳವರೆಗೂ ಹೊರಗಿನ ಗುಡಿಸಲಿನಲ್ಲಿ ಕಳೆಯಬೇಕಿತ್ತು. ಗುಡಿಸಲೆಂದರೆ ಸೋಗೆ ಹೊದಿಸಿದ, ಬಗ್ಗಿ ಒಳಹೋಗಬೇಕಾದ ಪುಟ್ಟ ಆಸರೆ. ಮ್ಯಾಸಬೇಡರಲ್ಲಿಯೂ ಸೂತಕದ ಕಟ್ಟಳೆಗಳು ಇದೇ ಬಗೆಯವಾಗಿದ್ದವು. ಪ್ರೊ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಮತ್ತು ನಂಬಿಕೆಗಳ ಕುರಿತು ನಡೆಸಿದ ಅಧ್ಯಯನ ಈ ಲೋಕವನ್ನು ವಿದ್ವತ್ ವಲಯಕ್ಕೆ ಪರಿಚಯಿಸಿತು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂತಹ ಮಹಾಗಾಯಕಿಯರು ಬಂದದ್ದೂ ಇದೇ ಹಟ್ಟಿಗಳಿಂದ. ಕೃಷ್ಣಮೂರ್ತಿ ಹನೂರರ ಸಂಗ್ರಹಗಳಿಂದ ಆಕೆಯ ಸಾವಿರಾರು ಪದಗಳು ನಮಗೆ ದಕ್ಕಿವೆ. ನಾವು ಜಾನಪದ ವಿದ್ವಾಂಸರು ಹಟ್ಟಿಯ ಹಾಡನ್ನು ಮೆಚ್ಚುತ್ತ ಹಟ್ಟಿಯ ಹೊರಗಿನ ಗುಡಿಸಲನ್ನು ‘ಆಚರಣೆ’ ಎಂಬ ಅಧ್ಯಾಯದಲ್ಲಿ ದಾಖಲಿಸಿ ಮುಂದೆ ಹೋದೆವು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಾಡಿದವಳೂ ಅದೇ ಗುಡಿಸಲಿನಲ್ಲಿ ಹೆತ್ತವಳು.

ಆ ಗುಡಿಸಲಿಗೆ ಬರುತ್ತಿದ್ದ ಏಕೈಕ ವೈದ್ಯೆ ಸೂಲಗಿತ್ತಿ. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ (1920–2018) ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. ತುಮಕೂರು ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಆದರೆ ಆಕೆಗೆ ಸನ್ಮಾನ ನಡೆಯುವ ವೇಳೆಗೆ ಆಕೆಯ ವೃತ್ತಿ ಸರ್ಕಾರಿ ನೀತಿಯಲ್ಲಿ ಮುಗಿದ ಅಧ್ಯಾಯವಾಗಿತ್ತು. 1970–80ರ ದಶಕಗಳಲ್ಲಿ ದಾಯಿಯರಿಗೆ ತರಬೇತಿ ಕೊಟ್ಟು, ಹೊಸ ಬ್ಲೇಡು, ದಾರ, ಸೋಪಿನ ಪೆಟ್ಟಿಗೆ ಹಂಚಿದ ಇಲಾಖೆಯೇ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಆಸ್ಪತ್ರೆಯ ಹೆರಿಗೆಯೊಂದೇ ಸುರಕ್ಷಿತವೆಂದು ಸಾರಿತು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆ, 2007ರ ಮಡಿಲು ಕಿಟ್, 2008ರ ನವೆಂಬರಿನಲ್ಲಿ ಬಂದ 108 ವಾಹನ ಇವೆಲ್ಲ ಒಟ್ಟಾಗಿ ಕೆಲಸ ಮಾಡಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 1998–99ರಲ್ಲಿ ಸುಮಾರು ಶೇ. 51ರಷ್ಟಿದ್ದ ಆಸ್ಪತ್ರೆಯ ಹೆರಿಗೆಗಳು 2005–06ರಲ್ಲಿ ಶೇ. 65ಕ್ಕೂ 2015–16ರಲ್ಲಿ ಶೇ. 94ಕ್ಕೂ ಏರಿದವು. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2004–06ರಲ್ಲಿ 213 ಇದ್ದುದು 2018–20ರ ವೇಳೆಗೆ 69ಕ್ಕೆ ಇಳಿಯಿತು.

ಹಟ್ಟಿಯ ಹೆಂಗಸರೂ ಈ ಬದಲಾವಣೆಯಲ್ಲಿ ಸೇರಿದರು; ಅದೂ ನಿರೀಕ್ಷೆಗಿಂತ ಬೇಗ. ಏಕೆ? ಪ್ರಚಾರದ ಫಲವೆಂದು ಇಲಾಖೆ ಹೇಳುತ್ತದೆ. ನನಗೆ ತೋರುವುದು ಬೇರೆ. ಹೆರಿಗೆ ಹಟ್ಟಿಯ ಹೊರಗೆ ಆಗಬೇಕೆಂಬುದೇ ಕಟ್ಟಳೆಯಾದ ಕಡೆ, ಆಸ್ಪತ್ರೆಯೂ ಒಂದು ‘ಹೊರಗು’. ಊರೊಳಗಿನ ಇತರ ಜಾತಿಗಳಲ್ಲಿ ಮನೆಯೊಳಗೇ ಹೆರುವುದು ಪದ್ಧತಿಯಾಗಿದ್ದುದರಿಂದ ಆಸ್ಪತ್ರೆಗೆ ಹೋಗುವುದು ಪದ್ಧತಿಯ ಉಲ್ಲಂಘನೆಯಾಗಿತ್ತು. ಹಟ್ಟಿಯವರಿಗೆ ಅದು ಉಲ್ಲಂಘನೆಯಾಗಲಿಲ್ಲ, ಗುಡಿಸಲಿನ ಬದಲಿಗೆ ಒಂದು ಕಾಂಕ್ರೀಟು ಗುಡಿಸಲು ಸಿಕ್ಕಿತು. ಆಧುನಿಕ ಸಂಸ್ಥೆಯೊಂದು ಹಳೆಯ ಕಟ್ಟಳೆಯನ್ನು ಮುರಿಯದೆ ಅದರ ಬಿರುಕಿನಲ್ಲಿಯೇ ಒಳಸೇರಿಕೊಂಡಿತು.

ಸಮಸ್ಯೆ ಇರುವುದು ಮುಂದಿನ ಹಂತದಲ್ಲಿ. ಸಹಜ ಹೆರಿಗೆಯಾದವಳನ್ನು 48 ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೆಂಬುದು ನಿಯಮ. ಮೂರನೆಯ ದಿನ ಆಕೆ ಎಲ್ಲಿಗೆ ಹೋಗುತ್ತಾಳೆ? ಹಟ್ಟಿಯೊಳಗಿನ ಮನೆಗಲ್ಲ, ಬೇಲಿಯ ಹೊರಗಿನ ಗುಡಿಸಲಿಗೆ. ಆಸ್ಪತ್ರೆಯ ದಾಖಲೆಯಲ್ಲಿ ‘ಸುರಕ್ಷಿತ ಹೆರಿಗೆ’ ಎಂದು ಬರೆದ ಶಾಯಿ ಆರುವುದರೊಳಗೆ ತಾಯಿ ಮಗು ಎರಡೂ ಗಾಳಿ ಮಳೆಗೆ ಒಡ್ಡಿಕೊಂಡಿರುತ್ತವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಸತ್ತಾಗ ಇಡೀ ರಾಜ್ಯ ಬೆಚ್ಚಿತು. ಮುಟ್ಟಾದವರನ್ನು, ಬಸುರಿ ಬಾಣಂತಿಯರನ್ನು ಬಲವಂತವಾಗಿ ಹೊರಗಿರಿಸುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆಯಡಿ ಅಪರಾಧ. ಆ ಕಾಯ್ದೆ 2020ರಲ್ಲಿ ಜಾರಿಗೆ ಬಂದಿತ್ತು. ಕಾಯ್ದೆಗೆ ಮೊದಲೇ ಸರ್ಕಾರ ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಕುಟೀರ ಮೇಲು ಎಂಬುದು ಒಂದು ವಾದ. ಹೊರಗಿರಿಸುವುದಕ್ಕೆ ಸರ್ಕಾರವೇ ಸಿಮೆಂಟು ಹಾಕಿಕೊಟ್ಟಿತೆಂಬುದು ಇನ್ನೊಂದು. ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಕಟ್ಟಡ ಎಂಬ ಈ ದ್ವಂದ್ವದಲ್ಲಿ ನಾನು ಎರಡನೆಯ ವಾದದ ಪರ. ಮಳೆಗಾಲದ ಒಂದು ರಾತ್ರಿಯ ಮಟ್ಟಿಗೆ ಮೊದಲನೆಯದೂ ನಿಜವೆಂಬುದನ್ನು ಮಾತ್ರ ಅಲ್ಲಗಳೆಯಲಾರೆ. ಓದಿದ ಹೆಣ್ಣುಮಕ್ಕಳು ಹೆರಿಗೆಯ ನಂತರ ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದು ಸೂತಕದ ಅವಧಿಯನ್ನು ಕಳೆಯುವ ಹೊಸ ರೂಢಿಯೂ ಕಾಣಿಸಿಕೊಂಡಿದೆ. ಬೇಲಿ ಉಳಿದಿದೆ, ಗುಡಿಸಲಿನ ಜಾಗ ಬದಲಾಗಿದೆ.

ಹೆರಿಗೆಯಲ್ಲಿ ಆಸ್ಪತ್ರೆ ಗೆದ್ದಿದ್ದರೆ ನೀರಿನಲ್ಲಿ ಸೋತಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂಬ ಐತಿಹ್ಯವನ್ನು ಈ ಸೀಮೆ ಇಂದಿಗೂ ಪೂಜಿಸುತ್ತದೆ. ಕೆರೆ ಮತ್ತು ತೆರೆದ ಬಾವಿಗಳು ಬತ್ತಿ ಕೊಳವೆ ಬಾವಿಗಳು ಆಳಕ್ಕೆ ಇಳಿದಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಎರಡೂ ತಾಲ್ಲೂಕುಗಳ ಅನೇಕ ಹಳ್ಳಿಗಳ ನೀರು ಈ ಮಿತಿಯನ್ನು ದಾಟಿದೆ. ಹಲ್ಲಿನ ಮೇಲೆ ಕಂದು ಪಟ್ಟೆ, ಬಾಗದ ಕೀಲು, ಗೂನುಬೆನ್ನು ಇಲ್ಲಿ ಸಾಮಾನ್ಯ ದೃಶ್ಯ. ಆಸ್ಪತ್ರೆಯ ಕ್ಷಕಿರಣ ರೋಗವನ್ನು ತೋರಿಸಬಲ್ಲದೇ ಹೊರತು ಬಾಗಿದ ಮೂಳೆಯನ್ನು ನೆಟ್ಟಗೆ ಮಾಡಲಾರದು. ಶುದ್ಧ ನೀರಿನ ಘಟಕಗಳು, ತುಂಗಭದ್ರೆಯ ಹಿನ್ನೀರನ್ನು ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ತರುವ ಬಹುಗ್ರಾಮ ಯೋಜನೆ ಇವೇ ಇದರ ಚಿಕಿತ್ಸೆ. ಆದರೆ ಇವು ವೈದ್ಯರ ಕೈಯಲ್ಲಿಲ್ಲ.

ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಸಲ್ಲಿಸಿದವು. ಎರಡೂ ಆರೋಗ್ಯ ಸೌಲಭ್ಯದಲ್ಲಿನ ಪ್ರಾದೇಶಿಕ ಅಸಮಾನತೆಯನ್ನು ಎತ್ತಿ ತೋರಿಸಿದವು; ನಂಜುಂಡಪ್ಪ ವರದಿಯ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಇವೆ. ಆ ಬಳಿಕ ಎರಡೂ ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಆಸ್ಪತ್ರೆಗಳು 100 ಹಾಸಿಗೆಗಳ ಮಟ್ಟಕ್ಕೆ ಏರಿದವು. ಹಾಸಿಗೆ ಹೆಚ್ಚಿದಷ್ಟು ಸುಲಭವಾಗಿ ತಜ್ಞರು ಹೆಚ್ಚಲಿಲ್ಲ. ಅರಿವಳಿಕೆ ತಜ್ಞರಿಲ್ಲದಿದ್ದರೆ ಪ್ರಸೂತಿ ತಜ್ಞರಿದ್ದೂ ಸಿಸೇರಿಯನ್ ಸಾಧ್ಯವಿಲ್ಲ. ಆಗ ಚೀಟಿ ಬರೆದು ಬಳ್ಳಾರಿಗೋ ಚಿತ್ರದುರ್ಗಕ್ಕೋ ಕಳಿಸುವುದೊಂದೇ ದಾರಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವುಗಳು ಸಂಭವಿಸಿ, ರಕ್ತನಾಳಕ್ಕೆ ಕೊಡುವ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಆ ಸುದ್ದಿ ಬಳ್ಳಾರಿಯನ್ನೇ ನೆಚ್ಚಿರುವ ಸೀಮೆಗಳಲ್ಲಿ ಬೇರೆ ಕಡೆಗಿಂತ ಆಳವಾಗಿ ಇಳಿಯುವುದು ಸಹಜ.

2020ರಲ್ಲಿ ಕೊರೊನಾ ಬಂದಾಗ ರಾಜ್ಯದ ಅನೇಕ ಹಳ್ಳಿಗಳು ಯಾರೂ ಹೇಳದೆಯೇ ತಮ್ಮ ದಾರಿಗಳಿಗೆ ಮುಳ್ಳು ಹಚ್ಚಿದವು. ಹೊರಬೀಡಿನ ಮುಳ್ಳು, ಹಟ್ಟಿಯ ಮುಳ್ಳು, ಕೊರೊನಾದ ಮುಳ್ಳು ಒಂದೇ ಜಾಲಿಯದು. ಒಂದು ರೋಗವನ್ನು ಹೊರಗಿಡಲು, ಇನ್ನೊಂದು ಬಾಣಂತಿಯನ್ನು ಹೊರಗಿಡಲು.

ಈ ಕ್ಷೇತ್ರದಲ್ಲಿ ಮುಂದೆ ಆಗಬೇಕಾದ ಕೆಲಸವೊಂದನ್ನು ಇಲ್ಲಿ ಸೂಚಿಸಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯ ನಂತರದ ನೋಂದಣಿ ಪುಸ್ತಕಗಳು, ಆಸ್ಪತ್ರೆಗಳ ಹೆರಿಗೆ ದಾಖಲಾತಿ ಪುಸ್ತಕಗಳು, ಉಪಕೇಂದ್ರದ ನರ್ಸಮ್ಮಂದಿರ ದಿನಚರಿಗಳು ಜಾನಪದ ಸಂಶೋಧಕರ ಕಣ್ಣಿಗೆ ಬಿದ್ದಿಲ್ಲ. ಯಾವ ಹಟ್ಟಿಯಿಂದ ಯಾವ ವರ್ಷ ಮೊದಲ ಹೆರಿಗೆ ಆಸ್ಪತ್ರೆಗೆ ಬಂತು ಎಂಬುದನ್ನು ಇವುಗಳಿಂದ ಗುರುತಿಸಬಹುದು. ಅದನ್ನು ಗುಡಿಕಟ್ಟುಗಳ ಪಟ್ಟಿಯೊಂದಿಗೆ ಹೋಲಿಸಿದರೆ ಯಾವ ಕುಲ ಮೊದಲು ಒಪ್ಪಿತು, ಯಾವುದು ತಡೆಯಿತು ಎಂಬುದು ತಿಳಿಯುತ್ತದೆ. ಹಳೆಯ ದಾಖಲೆಗಳನ್ನು ನಿಗದಿತ ಅವಧಿಯ ನಂತರ ವಿಲೇವಾರಿ ಮಾಡುವ ಪದ್ಧತಿ ಕಚೇರಿಗಳಲ್ಲಿದೆ. ಅವುಗಳ ಪ್ರತಿ ತೆಗೆದಿರಿಸುವ ಕಾರ್ಯವನ್ನು ಅಕಾಡೆಮಿಯೋ ವಿಶ್ವವಿದ್ಯಾಲಯದ ಜಾನಪದ ವಿಭಾಗವೋ ಕೈಗೆತ್ತಿಕೊಳ್ಳಬಹುದು. ಆ ಪುಸ್ತಕಗಳ ಊರಿನ ಅಂಕಣದಲ್ಲಿ ಕೇವಲ ‘ಗೊಲ್ಲರಹಟ್ಟಿ’ ಎಂದಷ್ಟೇ ಬರೆದಿರುವ ಸಂಭವವೂ ಇದೆ. ಹಾಗಿದ್ದರೆ ಯಾವ ಊರಿನ ಯಾವ ಹಟ್ಟಿ ಎಂಬುದನ್ನು ಹೇಳಬಲ್ಲವರು ಆ ಹಟ್ಟಿಗಳ ಅಜ್ಜಿಯರು ಮಾತ್ರ.